ಸೋಲದವರು, ಸೋಲಲಾರದವರು, ಸೋತೂ ಮಣಿಯದವರು

ಹೊರನಾಡಿನಲ್ಲಿ ಕನ್ನಡ ಬರೆಯುವವರ ನಡುವೆ ಒಂದು ದೂರು ಬಲವಾಗಿ ಬೇರೂರಿದೆ. ಇಂಗ್ಲಿಷಿನಲ್ಲಿ ಅನ್‌ಬೀಟನ್, ಅನ್‌ಡಿಫೀಟೆಡ್, ಇನ್ವಿನ್ಸಿಬಲ್, ಇಂಪ್ರೆಗ್ನಬಲ್, ಇನ್‌ಡಾಮಿಟಬಲ್ ಎಂದು ಬಗೆಬಗೆಯ ಮಾತುಗಳಿವೆ, ನಮ್ಮಲ್ಲಿ ‘ಅಜೇಯ’ ಎಂಬುದೊಂದೇ, ಹೀಗಾಗಿ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳುವುದು ಅನಿವಾರ್ಯ ಎಂಬುದು ಆ ದೂರು. ನಾವು ಇದನ್ನು ಒಪ್ಪುವುದಿಲ್ಲ. ಇಲ್ಲಿರುವ ಬಡತನ ಭಾಷೆಯದಲ್ಲ, ಬಳಸುವವರದು.

ಇಂಗ್ಲಿಷರೇನೂ ಈ ವಿಷಯದಲ್ಲಿ ಶುದ್ಧರಲ್ಲ. 1948ರಲ್ಲಿ ಇಂಗ್ಲೆಂಡಿಗೆ ಹೋದ ಬ್ರಾಡ್ಮನ್ ಪಡೆಯನ್ನು ‘ಇನ್ವಿನ್ಸಿಬಲ್ಸ್’ ಎಂದು ಕರೆಯುತ್ತಾರೆ. ಆ ಪಡೆ 34 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ ನಿಜ. ಆದರೆ 9 ಪಂದ್ಯಗಳು ಡ್ರಾ ಆದವು. ಸೋಲದೆ ಬಂದವರಿಗೆ ಸೋಲಲಾರದವರೆಂಬ ಬಿರುದು. ಒಂದು ದಾಖಲೆಯನ್ನು ಸ್ವಭಾವವೆಂದು ಹೇಳುವ ಈ ಚಟ ಎಲ್ಲ ಭಾಷೆಗಳಲ್ಲಿಯೂ ಇದೆ.

ನಮ್ಮ ಕ್ರೀಡಾಪುಟಗಳಂತೂ ಇನ್ನೊಂದು ಹೆಜ್ಜೆ ಮುಂದೆ. ಔಟಾಗದೆ ಉಳಿದ ಪ್ರತಿಯೊಬ್ಬ ಬ್ಯಾಟರನೂ ಅಲ್ಲಿ ‘ಅಜೇಯ’. 1975ರ ವಿಶ್ವಕಪ್ಪಿನ ಮೊದಲ ದಿನ ಲಾರ್ಡ್ಸ್‌ನಲ್ಲಿ ಸುನಿಲ್ ಗಾವಸ್ಕರ್ 60 ಓವರು ಪೂರ್ತಿ ನಿಂತು ಗಳಿಸಿದ್ದು 36. ಭಾರತ ಸೋತದ್ದು 202 ರನ್ನುಗಳಿಂದ. ನಮ್ಮ ಪತ್ರಿಕೆಗಳ ಪರಿಭಾಷೆಯಲ್ಲಿ ಇದು ‘ಅಜೇಯ 36’! ‘ಔಟಾಗದೆ’ ಎಂಬ ಚಿಕ್ಕ, ಚೊಕ್ಕ, ನಿಜವಾದ ಮಾತು ಕೈಯಳತೆಯಲ್ಲಿಯೇ ಇದ್ದಾಗಲೂ ಉಪಸಂಪಾದಕರಿಗೆ ಅದು ಸಪ್ಪೆಯೆನಿಸುತ್ತದೆ.

ಹಳಬರು ಇಷ್ಟು ಉದಾಸೀನರಾಗಿರಲಿಲ್ಲ. ‘ಅಜಿತ’ ಎಂದರೆ ಗೆಲ್ಲಲ್ಪಡದವನು, ಆಗಿಹೋದುದರ ಮಾತು. ‘ಅಜೇಯ’ ಬೇರೆ. ಅದರಲ್ಲಿಯೂ ಪಾಣಿನಿ ಕೂದಲು ಸೀಳಿದ್ದಾನೆ: ಗೆಲ್ಲಲು ಸಾಧ್ಯ ಎಂಬ ಅರ್ಥ ಬೇಕಾದಾಗ ರೂಪ ‘ಜಯ್ಯ’, ಗೆಲ್ಲತಕ್ಕದ್ದು ಎಂಬಲ್ಲಿ ‘ಜೇಯ’ (ಅಷ್ಟಾಧ್ಯಾಯಿ 6.1.81). ಆ ಲೆಕ್ಕದಲ್ಲಿ ಇನ್ವಿನ್ಸಿಬಲ್‌ಗೆ ಸಲ್ಲಬೇಕಾದದ್ದು ‘ಅಜಯ್ಯ’. ಅದನ್ನು ಈಗ ಯಾರೂ ಬಳಸರು, ಬಳಸಿರೆಂದು ನಾವೂ ಹಟ ಹಿಡಿಯೆವು. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ ಬರೆದದ್ದು ‘ಅಜಿತಪುರಾಣ’. ಆ ಅಜಿತನು ಯುದ್ಧದಲ್ಲಿ ಗೆದ್ದು ಆ ಹೆಸರನ್ನು ಉಳಿಸಿಕೊಂಡವನಲ್ಲ, ಎಲ್ಲವನ್ನೂ ಬಿಟ್ಟು ಹೋದ ತೀರ್ಥಂಕರ.

ಈ ಪದಗಳ ಗೊಂದಲ ಕಣ್ಣಿಗೆ ಹೊಡೆಯುವುದು ಕೋಟೆಗಳ ಮುಂದೆ. ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ನಾಸಿಕದಿಂದ ಈಶಾನ್ಯಕ್ಕಿರುವ ಚಾಂದವಡದ ಕೋಟೆ ಖಾನದೇಶಕ್ಕೆ ಹೋಗುವ ಕಣಿವೆದಾರಿಯ ಕಾವಲು. ಏರಲು ಬಲು ದುರ್ಗಮ. ಆದರೂ ಹೋಳ್ಕರರ ಕೈಯಿಂದ ಅದು 1804ರಲ್ಲೊಮ್ಮೆ ಬ್ರಿಟಿಷರಿಗೆ ಹೋಗಿ, ಮರಳಿ ಬಂದು, 1818ರಲ್ಲಿ ಶಾಶ್ವತವಾಗಿ ಹೋಯಿತು. ಅದನ್ನು ‘ದುರ್ಗಮ’ವೆನ್ನಬಹುದು, ‘ಅಜೇಯ’ವೆನ್ನಲಾಗದು. ದೇವಗಿರಿಯ ಪ್ರಸಂಗ ಇನ್ನೂ ಸೂಕ್ಷ್ಮ. ಕಡಿದು ನುಣುಪಾಗಿಸಿದ ಬಂಡೆ, ಸುತ್ತ ಕಂದಕ, ಒಳಗೆ ಕತ್ತಲ ಸುರಂಗ. 1296ರಲ್ಲಿ ಅಲ್ಲಾವುದ್ದೀನನ ಮುಂದೆ ರಾಮಚಂದ್ರನು ತಲೆಬಾಗಿದ್ದು ಗೋಡೆ ಒಡೆದದ್ದರಿಂದಲ್ಲ. ಧಾನ್ಯವೆಂದು ಕೋಟೆಯೊಳಕ್ಕೆ ಒಯ್ದ ಚೀಲಗಳಲ್ಲಿ ಉಪ್ಪು ಇತ್ತೆಂದು ಚರಿತ್ರಕಾರರು ಹೇಳುವ ಕಥೆ. ಕೋಟೆ ಅಭೇದ್ಯವೇ, ಆದರೆ ಒಳಗಿದ್ದವರಿಗೆ ಹಸಿವಾಗುತ್ತದೆ. ‘ಅಭೇದ್ಯ’ಕ್ಕೂ ‘ಅಜೇಯ’ಕ್ಕೂ ನಡುವಿನ ಅಂತರ ಒಂದು ಚೀಲ ಜೋಳ.

ಅಚ್ಚಗನ್ನಡದ ‘ಸೋಲಿಲ್ಲದ ಸರದಾರ’ನ ಪಾಡೂ ಇದೇ. ಮಲ್ಲಿಕಾರ್ಜುನ ಖರ್ಗೆಯವರಿಗೆ ದಶಕಗಳ ಕಾಲ ಅಂಟಿದ್ದ ಆ ಬಿರುದು 2019ರ ಕಲಬುರಗಿ ಚುನಾವಣೆಯಲ್ಲಿ ಕಳಚಿತು. 2022ರಲ್ಲಿ ಅವರು ತಮ್ಮ ಪಕ್ಷದ ಅಧ್ಯಕ್ಷರಾದರು. ಬಿರುದು ಹೋದರೂ ಮನುಷ್ಯ ಉಳಿದ. ಆ ಉಳಿದದ್ದಕ್ಕೆ ಹೆಸರೇನು? ಕಿತ್ತೂರಿನ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಗೆದ್ದಳು, ಡಿಸೆಂಬರಿನಲ್ಲಿ ಸೋತಳು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅವಳನ್ನು ಅಜೇಯಳೆಂದು ಹೊಗಳುವ ಭಾಷಣಕಾರರು ಅವಳ ಸೋಲನ್ನೇ ಅಳಿಸಿಹಾಕುತ್ತಾರೆ. ಅವಳ ದೊಡ್ಡತನವಿರುವುದಾದರೂ ಎಲ್ಲಿ? ಇನ್‌ಡಾಮಿಟಬಲ್‌ಗೆ ಕನ್ನಡವಿಲ್ಲ ಎನ್ನುವವರು ‘ಛಲ’ವೆಂಬ ಮಾತನ್ನು ಮರೆತಿದ್ದಾರೆ. ಪಂಪ ಅದನ್ನು ದುರ್ಯೋಧನನಿಗೆ ಕೊಟ್ಟ, ಗೆದ್ದ ಅರ್ಜುನನಿಗಲ್ಲ. ಮಣಿಯದ, ಬಗ್ಗದ, ಎದೆಗುಂದದ, ಅದಮ್ಯ: ಇವೆಲ್ಲ ಸೋಲಿನ ಆಚೆ ದಡದಲ್ಲಿ ಬಳಸುವ ಮಾತುಗಳು. ಇನ್ನು ‘ಸೋಲು’ ಎಂಬ ಕ್ರಿಯಾಪದವನ್ನೇ ನೋಡಿ. ನಡೆದು ಕಾಲು ಸೋಲುತ್ತದೆ, ರಾಗಕ್ಕೆ ಮನ ಸೋಲುತ್ತದೆ. ಇಂಗ್ಲಿಷಿನ ಡಿಫೀಟ್‌ಗೆ ಈ ಸುಖ ಎಲ್ಲಿಯದು!

ಪದಗಳ ಜಗಳ ಇಷ್ಟಕ್ಕೇ ನಿಲ್ಲುವುದಾದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನವೆಂಬರ್ ಬಂದರೆ ಹೊರನಾಡಿನ ಪ್ರತಿ ವೇದಿಕೆಯಲ್ಲಿಯೂ ‘ಕನ್ನಡ ಅಜೇಯ’ ಎಂಬ ಘೋಷಣೆ. ದೇವಗಿರಿಯ ಸೇವುಣರ ಮೊದಲ ನೆಲೆಯಾದ ಚಂದ್ರಾದಿತ್ಯಪುರವನ್ನು ವಿದ್ವಾಂಸರು ಇದೇ ಚಾಂದವಡವೆಂದು ಗುರುತಿಸುತ್ತಾರೆ. ಆ ಮನೆತನದ ಕನ್ನಡ ಶಾಸನಗಳು ಹೇರಳವಾಗಿವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೇಳಿದ್ದು ನಾಸಿಕದ ಮುಂದೆ ಹರಿಯುವ ಗೋದಾವರಿಯನ್ನು. ಇಂದು ಅಲ್ಲಿನ ಬೀದಿಯಲ್ಲಿ ಕನ್ನಡ ಫಲಕವನ್ನು ಹುಡುಕಿ ನೋಡಿ. ನುಡಿಯ ಎಲ್ಲೆ ಹಿಂದೆ ಸರಿದಿದೆ. ಮರಾಠಿ ತನ್ನ ಜನರ ಬಾಯಲ್ಲಿ ಬೆಳೆದು ಅಲ್ಲಿ ನೆಲೆಯೂರಿದೆ. ಅದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ನಮ್ಮ ಮುನಿಸು ಸರಿದದ್ದನ್ನು ಸರಿದಿಲ್ಲವೆಂದು ಹಾಡುವವರ ಮೇಲೆ. ಕನ್ನಡ ಸೋಲಲಾರದೆಂದು ನಂಬಿದವರಿಗೆ ಮಾಡಬೇಕಾದ ಕೆಲಸವೇ ಉಳಿಯುವುದಿಲ್ಲ: ಮಗುವಿಗೆ ಓದು ಕಲಿಸುವುದು ಬೇಡ, ಪುಸ್ತಕ ಕೊಳ್ಳುವುದು ಬೇಡ. ವೇದಿಕೆಯಿಂದ ಇಳಿದು ಕಾರು ಹತ್ತಿದೊಡನೆ ಹಿಂದಿನ ಸೀಟಿನ ಮಕ್ಕಳೊಡನೆ ಇಂಗ್ಲಿಷು ಶುರು.

ಈ ಸಲದ ರಾಜ್ಯೋತ್ಸವದ ಆಹ್ವಾನಪತ್ರಿಕೆಗೆ ಕರಡು ಸಿದ್ಧಪಡಿಸುವ ಗೆಳೆಯರು ‘ಅಜೇಯ’ವನ್ನು ಹೊಡೆದುಹಾಕಲಿ. ‘ಮಣಿಯದ’ ಎಂದು ಬರೆಯುವ ಧೈರ್ಯವಿದ್ದರೆ ಬರೆಯಲಿ. ಅದೂ ಹೆಚ್ಚಾಯಿತೆನಿಸಿದರೆ, ಮಕ್ಕಳ ಕನ್ನಡ ತರಗತಿ ಎಂದು, ಎಲ್ಲಿ ಎಂದು ಅಚ್ಚು ಹಾಕಿಸಲಿ.