'ಸಹಿಸಿಕೊಳ್ಳಿ' ಎಂಬುದು ಔಷಧವಲ್ಲ

"ಎಲ್ಲರಿಗೂ ಹೀಗೇ ಆಗ್ತದೆ, ಸ್ವಲ್ಪ ಸಹಿಸಿಕೊಳ್ಳಿ." ಗರ್ಭಕೋಶದೊಳಗೆ ಹಾರ್ಮೋನಿನ ಸಾಧನ ಹಾಕಿಸಿಕೊಂಡು, ಆಮೇಲೆ ತೊಂದರೆ ಹೇಳಲು ಹೋದ ಹೆಂಗಸಿಗೆ ಹೆಚ್ಚಾಗಿ ಸಿಗುವ ಉತ್ತರ ಇಷ್ಟೇ. ಏನಾಗ್ತದೆ, ಎಷ್ಟು ತಿಂಗಳು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ... ಬಿಡಿಸಿ ಹೇಳುವವರು ಕಡಿಮೆ. ಹೇಳಿದರೂ ಮಲಯಾಳದಲ್ಲಿ. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಅಮ್ಮಂದಿರಿಗೆ ಪೇಟೆಯ ಮಲಯಾಳ ಬರುತ್ತದೆ, ಆಸ್ಪತ್ರೆಯ ಮಲಯಾಳ ಬರುವುದಿಲ್ಲ. ಸಹಿ ಹಾಕುವ ಕಾಗದವನ್ನು ಓದಲು ಎಷ್ಟೋ ಮಂದಿಗೆ ಬರುವುದೇ ಇಲ್ಲ. ತಲೆಯಾಡಿಸಿ ಮನೆಗೆ ಬರುತ್ತಾರೆ.

ಶಾಲೆ ಟೀಚರಿಗೆ ಈ ಉಸಾಬರಿ ಯಾಕೆ ಎಂದು ಕೆಲವರು ಕೇಳಿಯಾರು. ಮದರ್ ಪಿ.ಟಿ.ಎ. ಮುಗಿದ ಮೇಲೆ ಹಿಂದೆ ಉಳಿಯುವ ಅಮ್ಮಂದಿರು ಕೇಳುವುದು ಮಕ್ಕಳ ಮಾರ್ಕಿನ ವಿಷಯ ಮಾತ್ರ ಅಲ್ಲ ಸ್ವಾಮಿ!

ಮೊದಲು ವಿಷಯ ತಿಳಿಯೋಣ. ಇದು ಕಾಪರ್-ಟಿ ಅಲ್ಲ. ಕಾಪರ್-ಟಿಯಲ್ಲಿ ಹಾರ್ಮೋನ್ ಇಲ್ಲ, ಅದರಿಂದ ಮುಟ್ಟಿನ ಸ್ರಾವ ಹೆಚ್ಚಾಗಬಹುದು. ಇದರಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇದೆ. ಸಾಮಾನ್ಯವಾಗಿ ಹಾಕುವ ಸಾಧನದಲ್ಲಿ 52 ಮಿಲಿಗ್ರಾಂ. ಅದು ದಿನಾ ಒಂದಿಷ್ಟೇ ಹೊರಬರುತ್ತದೆ. ಮೊದಲ 3ರಿಂದ 6 ತಿಂಗಳು ಹೊತ್ತು ಗೊತ್ತಿಲ್ಲದೆ ಹನಿ ಹನಿ ರಕ್ತ ಹೋಗುವುದು ತೀರಾ ಸಾಮಾನ್ಯ. ಆಮೇಲೆ ಸ್ರಾವ ಕಡಿಮೆಯಾಗುತ್ತದೆ. ವರ್ಷ ಕಳೆಯುವಾಗ ಸುಮಾರು 5ರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. ಇದು ಕಾಯಿಲೆಯಲ್ಲ. "ಕೆಟ್ಟ ರಕ್ತ ಒಳಗೇ ನಿಂತಿತು" ಎಂಬುದು ಶುದ್ಧ ಸುಳ್ಳು. ಒಳಪದರ ತೆಳ್ಳಗಾದ ಕಾರಣ ಹೋಗಲು ರಕ್ತವೇ ಇರುವುದಿಲ್ಲ. ತಲೆನೋವು, ಎದೆ ನೋವು, ಮೊಡವೆ, ಮನಸ್ಸು ಕುಗ್ಗುವುದು ಕೆಲವರಿಗೆ ಇರುತ್ತದೆ.

ಇಷ್ಟನ್ನು ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ. ಹೇಳದಿದ್ದರೆ ಏನಾಗುತ್ತದೆ ಗೊತ್ತೇ? ಮುಟ್ಟಾದವಳು ಹೊರಗೆ ಕೂರಬೇಕು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮೂರು ತಿಂಗಳು ಹನಿ ಹನಿ ಹೋದರೆ ಅವಳು ಎಷ್ಟು ದಿನ ಹೊರಗೆ ಕೂರಬೇಕು? ತಂಬಿಲಕ್ಕೂ ಇಲ್ಲ, ನೇಮಕ್ಕೂ ಇಲ್ಲ. ಇನ್ನೊಬ್ಬಳಿಗೆ ನಮಾಜು, ಉಪವಾಸದ ಲೆಕ್ಕ ತಪ್ಪುತ್ತದೆ. 'ಸ್ವಲ್ಪ ಸಹಿಸಿಕೊಳ್ಳಿ' ಎನ್ನುವವರಿಗೆ ಈ 'ಸ್ವಲ್ಪ'ದ ಅಳತೆ ಗೊತ್ತಿಲ್ಲ.

ನನ್ನ ಸಿಟ್ಟು ಆಸ್ಪತ್ರೆಯವರ ಮೇಲೆ ಮಾತ್ರ ಅಲ್ಲ. "ಆ ರಗಳೆ ಯಾಕೆ, ಗರ್ಭಕೋಶವನ್ನೇ ತೆಗೆಸಿಬಿಡು" ಎನ್ನುವ ನೆರೆಕರೆಯ ಪಂಡಿತೆಯರ ಮೇಲೂ ಇದೆ. ನಲವತ್ತು ದಾಟಿದ ನಮ್ಮಂಥವರಲ್ಲಿ ಎಷ್ಟೋ ಮಂದಿಗೆ ಈ ಸಾಧನ ಹಾಕುವುದೇ ಅತಿಸ್ರಾವ ಹತೋಟಿಗೆ ತಂದು, ಆ ದೊಡ್ಡ ಆಪರೇಷನ್ ತಪ್ಪಿಸಲು. ನಾಲ್ಕು ತಿಂಗಳ ಹನಿಗೆ ಹೆದರಿ ಅಂಗವನ್ನೇ ಕಳೆದುಕೊಳ್ಳುವುದು ಯಾವ ಜಾಣತನ?

ಹಾಗಂತ ಬಾಯಿ ಮುಚ್ಚಿ ಇರಬೇಕೆಂದಲ್ಲ. ಕ್ಯಾಲೆಂಡರಿನಲ್ಲಿ ರಕ್ತ ಹೋದ ದಿನಕ್ಕೆಲ್ಲ ಗುರುತು ಹಾಕಿ. ಅದನ್ನೇ ಡಾಕ್ಟರಿಗೆ ತೋರಿಸಿ. ಹೊಟ್ಟೆನೋವಿಗೆ ಯಾವ ಮಾತ್ರೆ ಎಂದು ಕೇಳಿ, ಅಂಗಡಿಯವನನ್ನು ಅಲ್ಲ, ಡಾಕ್ಟರನ್ನು. ತೀವ್ರ ಹೊಟ್ಟೆನೋವು, ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವ ರಕ್ತಸ್ರಾವ, ದಾರ ಕೈಗೆ ಸಿಗದಿರುವುದು, ಬಸುರಿನ ಲಕ್ಷಣ... ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಹೋಗಿ. ಬಸುರಾಗುವುದು ಅಪರೂಪ, ಆದರೆ ಆದರೆ ಅದು ಗರ್ಭಕೋಶದ ಹೊರಗೆ ನಿಂತಿರುವ ಅಪಾಯ ಉಂಟು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಗ್ಗದಿದ್ದರೆ ತೆಗೆಸುವ ಹಕ್ಕು ನಿಮ್ಮದು. ಮನಸ್ಸು ಕುಗ್ಗಿ ಮೇಲೇಳದಿದ್ದರೆ ಅದೇ ಸಾಕಷ್ಟು ಕಾರಣ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದನ್ನು ಒಮ್ಮೆ ಕೊಟ್ಟ ಮೇಲೆ ವಾಪಸು ತೆಗೆಯಲಾಗದು. ಈ ಸಾಧನವನ್ನು ಯಾವಾಗ ಬೇಕಾದರೂ ತೆಗೆಯಬಹುದು, ಆದರೆ ಆಸ್ಪತ್ರೆಯಲ್ಲಿ. ಮನೆಯಲ್ಲಿ ದಾರ ಎಳೆಯುವ ಸಾಹಸ ಬೇಡ. ತೆಗೆದ ಮೇಲೆ ಬಸುರಾಗುವ ಶಕ್ತಿ ಬೇಗನೆ ಮರಳುತ್ತದೆ. ಬೇಡವೆಂದಾದರೆ ಬೇರೆ ಉಪಾಯವನ್ನೂ ಅಂದೇ ಕೇಳಿಕೊಳ್ಳಿ.

ಈಗ ಭಾಷೆಯ ಪ್ರಶ್ನೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ನಾವು ಅದನ್ನು ಬೋರ್ಡಿಗೆ, ಪಠ್ಯಪುಸ್ತಕಕ್ಕೆ, ನೇಮಕಾತಿಗೆ ಬಳಸಿ ಹೋರಾಡಿದೆವು. ಹೋರಾಡಬೇಕಾದದ್ದೇ. ಆದರೆ ಕನ್ನಡ ಹೋರಾಟದ ಯಾವ ಮನವಿಯಲ್ಲಾದರೂ ಹೆಂಗಸರ ವಾರ್ಡಿನ ಚೀಟಿ ಕನ್ನಡದಲ್ಲಿರಲಿ ಎಂಬ ಸಾಲು ಇತ್ತೇ? ವೇದಿಕೆಯ ಮೇಲಿರುವ ಗಂಡಸರು ಉತ್ತರ ಹೇಳಲಿ!

ಮುಂದಿನ ಮದರ್ ಪಿ.ಟಿ.ಎ.ಗೆ, ಕುಟುಂಬಶ್ರೀ ಸಭೆಗೆ ಆರೋಗ್ಯ ಕೇಂದ್ರದ ನರ್ಸನ್ನು ಕರೆಯಿರಿ. ಅರ್ಧ ಪುಟದ ಕನ್ನಡ ಚೀಟಿ ಕೇಳಿ. ಅವರಿಗೆ ಬರೆಯಲು ಬಾರದಿದ್ದರೆ ಅವರು ಹೇಳಲಿ, ನಾವು ಟೀಚರುಗಳು ಬರೆದುಕೊಡೋಣ, ಡಾಕ್ಟರು ನೋಡಿ ಸರಿ ಎನ್ನಲಿ. ಮಕ್ಕಳಿಗೆ ಅಕ್ಷರ ಕಲಿಸುವ ನಮಗೆ ಅಮ್ಮಂದಿರಿಗಾಗಿ ಅರ್ಧ ಪುಟ ಬರೆಯುವುದು ಕಷ್ಟವೇ?