ದುರ್ಗ ಬಿದ್ದ ವರ್ಷ ಅಮೆರಿಕದಲ್ಲಿ ಏನು ನಡೆಯುತ್ತಿತ್ತು?

ವರ್ಷಕ್ಕೆ ಎರಡು ಮೂರು ಸಲ ಒಂದು ಮೆಸೇಜು ನಮ್ಮ ಸೀಮೆಯ ವಾಟ್ಸಾಪ್ ಗ್ರೂಪುಗಳನ್ನು ಸುತ್ತಿ ಹೋಗುತ್ತದೆ. ಆಗಸ್ಟ್ 15ರ ಹತ್ತಿರ ಒಮ್ಮೆ, ನವೆಂಬರಿನಲ್ಲಿ ಟಿಪ್ಪು ಹೆಸರಿನ ಜಗಳ ಏಳುವಾಗ ಇನ್ನೊಮ್ಮೆ. ಅಮೆರಿಕದವರು ತಮ್ಮ ಯುದ್ಧದ ಹಡಗಿಗೆ ಹೈದರಾಲಿಯ ಹೆಸರಿಟ್ಟಿದ್ದರಂತೆ, ಅವರಿಗೆ ಸ್ವಾತಂತ್ರ್ಯ ಸಿಕ್ಕಿದ್ದೇ ಮೈಸೂರಿನಿಂದ ಅಂತೆ. ಕೆಳಗೆ ಕೂಡಲೇ ಇನ್ನೊಬ್ಬರು ಇದೆಲ್ಲ ಸುಳ್ಳು ಅಂತ ಹಾಕುತ್ತಾರೆ. ಆಮೇಲೆ ಮಾತು ಹಡಗು ಬಿಟ್ಟು ಬೇರೆ ಎಲ್ಲಿಗೋ ಹೋಗುತ್ತದೆ.

ಹಡಗಿನ ವಿಷಯ ನಿಜ. ಪೆನ್ಸಿಲ್ವೇನಿಯಾ ರಾಜ್ಯದ ಆ ಹಡಗಿನ ಹೆಸರು 'ಹೈದರ್ ಅಲಿ'. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ನಾಯಕ ಅದರಲ್ಲಿ ನಿಂತು, ತನಗಿಂತ ದೊಡ್ಡದಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿದ. ಫಿಲಿಪ್ ಫ್ರೆನೋ ಎಂಬ ಅಲ್ಲಿನ ಕವಿ ಇದರ ಮೇಲೆ ಪದ್ಯವನ್ನೂ ಬರೆದ. ಇಂಗ್ಲಿಷರಿಗೆ ನಡುಕ ಹುಟ್ಟಿಸಿದವನ ಹೆಸರು ಅಂತ ಅವರಿಗೆ ಅದು ಇಷ್ಟವಾಗಿತ್ತು.

ಮೆಸೇಜಿನ ಎರಡನೇ ಅರ್ಧ ಮಾತ್ರ ಬರೀ ಬಡಾಯಿ. ಹಾಗಂತ ಸಂಬಂಧವೇ ಇಲ್ಲ ಅನ್ನುವುದೂ ತಪ್ಪು. ಸಂಬಂಧ ಇದೆ, ಅದು ನಮ್ಮ ದುರ್ಗದ ಪಕ್ಕದಲ್ಲೇ ಹಾದುಹೋಗುತ್ತದೆ. ಆದಿವಾಲದ ಹುಡುಗ ಹುಡುಗಿಯರಿಗೆ ಶಾಲೆಯಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ ಅನ್ನುವುದೇ ನಮ್ಮ ತಕರಾರು. ನಾವು ಓದಿದ ಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಒಂದು ವರ್ಷ, ಮೈಸೂರು ಯುದ್ಧಗಳು ಇನ್ನೊಂದು ವರ್ಷ. ಎರಡೂ ಬೇರೆ ಬೇರೆ ಲೋಕದಲ್ಲಿ ನಡೆದವು ಅಂತಲೇ ನಾವು ಪರೀಕ್ಷೆ ಬರೆದು ಪಾಸಾದೆವು.

ಚಹಾದಿಂದ ಶುರು ಮಾಡೋಣ. 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ಜನ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಸುರಿದರು. ಆ ಚಹಾ ಚೀನಾದ್ದು, ಮಾಲೀಕರು ಈಸ್ಟ್ ಇಂಡಿಯಾ ಕಂಪನಿಯವರು. ಹೌದು, ಅದೇ ಕಂಪನಿ. ಆಗ ಅದು ಸಾಲದಲ್ಲಿ ಮುಳುಗಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಚಹಾ ಮಾರಾಟವಾಗದೆ ಬಿದ್ದಿತ್ತು. 1770ರ ಬಂಗಾಳದ ಬರ, ಸೈನ್ಯದ ಖರ್ಚು, ಯುರೋಪಿನ ಬ್ಯಾಂಕುಗಳ ಕುಸಿತ ಎಲ್ಲ ಸೇರಿ ಕಂಪನಿಯನ್ನು ಹಿಂಡಿದ್ದವು. ಅದಕ್ಕೂ ಮೊದಲು, 1769ರಲ್ಲಿ, ಹೈದರಾಲಿ ಮದ್ರಾಸಿನ ಬಾಗಿಲವರೆಗೂ ಹೋಗಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಆ ದಂಡಯಾತ್ರೆಯ ಸುದ್ದಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಬೆಲೆ ದಬಕ್ಕನೆ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಬ್ರಿಟಿಷ್ ಸಂಸತ್ತು 1773ರಲ್ಲಿ ಚಹಾ ಕಾಯ್ದೆ ತಂದಿತು. ಸೋಜಿಗ ಏನೆಂದರೆ, ಆ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾ ಅಗ್ಗವಾಗುವುದಿತ್ತು. ಆದರೂ ಜನ ಸಿಟ್ಟಿಗೆದ್ದರು. ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕಲು ನೀವು ಯಾರು ಅನ್ನುವುದು ಅವರ ಪ್ರಶ್ನೆ. (ಮನೆ ಕಂದಾಯದ ರಸೀದಿ ಇಟ್ಟುಕೊಂಡೂ ಗ್ರಾಮಸಭೆಗೆ ಕಾಲಿಡದವರು ಈ ಸಾಲನ್ನು ಎರಡು ಸಲ ಓದಬಹುದು.)

1776ರ ಜುಲೈ 4ಕ್ಕೆ ಹದಿಮೂರು ವಸಾಹತುಗಳು ಸ್ವಾತಂತ್ರ್ಯ ಘೋಷಿಸಿದವು. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಕಥೆ ನಮ್ಮ ಕಡೆ ತಿರುಗುವುದು ಇಲ್ಲಿಂದ. ಅಮೆರಿಕದ ಕಾರಣಕ್ಕೆ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ಹತ್ತಿಕೊಂಡ ಮೇಲೆ, ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚ್ ನೆಲೆಗಳನ್ನು ಒಂದೊಂದಾಗಿ ಹಿಡಿಯತೊಡಗಿದರು. 1778ರಲ್ಲಿ ಪಾಂಡಿಚೇರಿ ಹೋಯಿತು, 1779ರ ಮಾರ್ಚಿನಲ್ಲಿ ಮಲಬಾರ್ ತೀರದ ಮಾಹೆ. ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದ ಬಾಗಿಲು ಮಾಹೆ. ಅದನ್ನು ಮುಟ್ಟಬೇಡಿ ಅಂತ ಅವನು ಹೇಳಿದ್ದ, ಅವರು ಕೇಳಲಿಲ್ಲ. 1780ರಲ್ಲಿ ಅವನು ದೊಡ್ಡ ಸೈನ್ಯ ಕಟ್ಟಿಕೊಂಡು ಘಟ್ಟ ಇಳಿದ. ಆ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇರುವುದು ಇದೇ ಯುದ್ಧದ ಚಿತ್ರ. ಶಾಲಾ ಟ್ರಿಪ್ಪಿನಲ್ಲಿ ನಮ್ಮೂರ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ.

ಈಗ 1779ರ ಬಗ್ಗೆ ಸ್ವಲ್ಪ ನಿಲ್ಲೋಣ. ಮಾಹೆ ಹೋದ ಆ ವರ್ಷವೇ ಚಿತ್ರದುರ್ಗದ ಕೋಟೆ ಹೈದರನ ಕೈಗೆ ಸಿಕ್ಕಿತು. ವರ್ಷಗಟ್ಟಲೆ ಎದುರು ನಿಂತಿದ್ದ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸಿರಾ ಕಡೆಯಿಂದ ದುರ್ಗಕ್ಕೆ ಹೋಗುವವರಿಗೆ ನಮ್ಮ ಹಿರಿಯೂರು ಸೀಮೆಯೇ ದಾರಿ. ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಪ್ರಕಾರ, ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಅವರ ಗಂಡುಮಕ್ಕಳನ್ನು 'ಚೇಲಾ' ಪಡೆಗಳಿಗೆ ಸೇರಿಸಿಕೊಂಡರು. ಹೈದರನನ್ನು ಕ್ರೂರಿ ಎಂದು ತೋರಿಸುವುದರಲ್ಲಿ ಇಂಗ್ಲಿಷ್ ಬರಹಗಾರರಿಗೆ ಲಾಭ ಇತ್ತು, ಅದು ನೆನಪಿರಲಿ. ಸಂಖ್ಯೆ ಹೆಚ್ಚು ಕಮ್ಮಿ ಇರಬಹುದು. ಆದರೆ ಊರುಗಳು ಖಾಲಿಯಾದದ್ದನ್ನು ಬರೀ ಇಂಗ್ಲಿಷರ ಕಟ್ಟುಕಥೆ ಅಂತ ತಳ್ಳಿಹಾಕಲು ನಾವು ತಯಾರಿಲ್ಲ.

ಅದೇ 1779ರ ಬೇಸಿಗೆಯಲ್ಲಿ ಸಮುದ್ರದ ಆಚೆ ಏನಾಯಿತು ಗೊತ್ತೇ? ಸ್ವಾತಂತ್ರ್ಯದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ತನ್ನ ಜನರಲ್ ಸಲ್ಲಿವನ್‌ನನ್ನು ಇರೊಕ್ವಾಯ್ ಮೂಲನಿವಾಸಿಗಳ ಮೇಲೆ ಕಳಿಸಿದ. ಆರು ಕುಲಗಳ ಒಕ್ಕೂಟ ಅದು. ಅವರಲ್ಲಿ ಹೆಚ್ಚಿನವರು ಬ್ರಿಟಿಷರ ಕಡೆ ಇದ್ದರು, ಒನೈಡಾದಂಥವರು ಅಮೆರಿಕನ್ನರ ಕಡೆ. ಸಲ್ಲಿವನ್‌ನ ಸೈನ್ಯ ಸುಮಾರು 40 ಹಳ್ಳಿಗಳನ್ನು ಸುಟ್ಟಿತು. ಮೆಕ್ಕೆಜೋಳ, ಬೀನ್ಸ್, ಕುಂಬಳದ ಬೆಳೆಯನ್ನು ನಾಶ ಮಾಡಿತು, ಹಣ್ಣಿನ ಮರಗಳನ್ನೂ ಕಡಿಯಿತು. ಸಾವಿರಾರು ಜನ ನಯಾಗರ ಕೋಟೆಯ ಹತ್ತಿರ ಗುಳೆ ಹೋದರು, ಅವರಲ್ಲಿ ಹಲವರು ಹಿಮದ ಚಳಿಗಾಲದಲ್ಲಿ ಹಸಿವಿನಿಂದ ಸತ್ತರು. ಅವರ ಭಾಷೆಯಲ್ಲಿ ವಾಷಿಂಗ್ಟನ್‌ಗೆ ಇರುವ ಹೆಸರಿನ ಅರ್ಥ 'ಊರು ನಾಶ ಮಾಡುವವನು'. ಬೆಳೆ ಕೈಗೆ ಬರುವ ಹೊತ್ತಿಗೆ ಹೊಲಕ್ಕೆ ಬೆಂಕಿ ಬಿದ್ದರೆ ಏನಾಗುತ್ತದೆ ಅಂತ ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಸ್ವಾತಂತ್ರ್ಯಕ್ಕೆ ಹೋರಾಡಿದವನು ಊರು ಸುಡಿಸಿದ. ಇಲ್ಲಿ ಕಂಪನಿಯ ಬೆವರಿಳಿಸಿದವನು ಊರುಗಳನ್ನು ಖಾಲಿ ಮಾಡಿಸಿದ. ಡೆಲವೇರ್ ಕೊಲ್ಲಿಯಲ್ಲಿ ಹೈದರನ ಹೆಸರು ಸ್ವಾತಂತ್ರ್ಯದ ಬಾವುಟದ ಹಾಗೆ ಹಾರುತ್ತಿದ್ದಾಗ, ಅವನ ಸೈನ್ಯ ಕೋಟೆ ಹತ್ತಿ ಮೂರು ವರ್ಷ ಆಗಿತ್ತು. ಓಬವ್ವನ ಕಿಂಡಿಯ ಕಥೆ ಕೇಳಿ ಬೆಳೆದ ನಮಗೆ ಆ ಹಡಗಿನ ಹೆಸರು ಕೇಳಿದರೆ ಪೂರ್ತಿ ಖುಷಿಯೂ ಆಗುವುದಿಲ್ಲ, ಪೂರ್ತಿ ಸಿಟ್ಟೂ ಬರುವುದಿಲ್ಲ. ಅದು ಸರಿಯೇ ಅಂತ ನಾವು ಅಂದುಕೊಂಡಿದ್ದೇವೆ. ಹೈದರನೋ ನಾಯಕನೋ, ಒಂದು ಪಕ್ಷ ಹಿಡಿ ಅಂತ ಗ್ರೂಪಿನಲ್ಲಿ ಒತ್ತಾಯ ಮಾಡುವವರಿಗೆ ಬೇಕಾಗಿರುವುದು ಇತಿಹಾಸವಲ್ಲ, ಇವತ್ತಿನ ಓಟು.

ಅಮೆರಿಕದ ಕಥೆಯಲ್ಲೂ ಇದೇ ಎಡವಟ್ಟು ಇದೆ. ಎಲ್ಲ ಮನುಷ್ಯರೂ ಸಮಾನರು ಎಂಬ ಘೋಷಣೆ ಬರೆದ ಜೆಫರ್ಸನ್ ಮನೆಯಲ್ಲಿ ಗುಲಾಮರಿದ್ದರು, ವಾಷಿಂಗ್ಟನ್ ಮನೆಯಲ್ಲೂ ಇದ್ದರು. 1787ರ ಸಂವಿಧಾನ ಪ್ರತಿನಿಧಿಗಳ ಲೆಕ್ಕಕ್ಕೆ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿತು. ಆ ಗುಲಾಮರಿಗೆ ಓಟು ಇರಲಿಲ್ಲ, ಓಟಿನ ಬಲ ಮಾತ್ರ ಯಜಮಾನರ ರಾಜ್ಯಕ್ಕೆ ಹೋಯಿತು.

ಹಾಗಾದರೆ ಮೈಸೂರಿನಿಂದ ಅಮೆರಿಕಕ್ಕೆ ಸಹಾಯವೇ ಆಗಲಿಲ್ಲವೇ? ಸ್ವಲ್ಪ ಆಯಿತು. ಅಮೆರಿಕ, ವೆಸ್ಟ್ ಇಂಡೀಸ್, ಜಿಬ್ರಾಲ್ಟರ್, ಭಾರತ ಅಂತ ಬ್ರಿಟಿಷರು ಎಲ್ಲ ಕಡೆ ಹಂಚಿಹೋಗಿದ್ದರು. ಆ ಭಾರದಲ್ಲಿ ಮೈಸೂರಿನ ಪಾಲೂ ಇತ್ತು. ಆದರೆ 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನನ್ನು ಶರಣಾಗಿಸಿದ್ದು ವಾಷಿಂಗ್ಟನ್ನಿನ ಪಡೆ, ಫ್ರೆಂಚ್ ಸೈನ್ಯ ಮತ್ತು ಫ್ರೆಂಚ್ ನೌಕಾಪಡೆ. ನಮಗೆ ಬಂದದ್ದು ಅದರ ತಿರುಗೇಟು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ರಾಜಿಯಾದ ಸುದ್ದಿ ಬಂತು, ಅವನ ಜೊತೆ ಇದ್ದ ಫ್ರೆಂಚರು ಕೈಬಿಟ್ಟು ಹಿಂದೆ ಸರಿದರು. ಅಮೆರಿಕಕ್ಕೆ ಆ ರಾಜಿಯಲ್ಲಿ ದೇಶ ಸಿಕ್ಕಿತು. ಟಿಪ್ಪು 1784ರಲ್ಲಿ ಮಂಗಳೂರಿನಲ್ಲಿ ಒಬ್ಬನೇ ಕೂತು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಸೋತ ಕಾರ್ನ್‌ವಾಲಿಸ್‌ನನ್ನು ಬ್ರಿಟಿಷರು ಮನೆಯಲ್ಲಿ ಕೂರಿಸಲಿಲ್ಲ. 1786ರಲ್ಲಿ ಗವರ್ನರ್ ಜನರಲ್ ಮಾಡಿ ಇಲ್ಲಿಗೆ ಕಳಿಸಿದರು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ತೆಗೆದುಕೊಂಡ. ಅಲ್ಲಿ ಕಳೆದುಕೊಂಡ ಮರ್ಯಾದೆಯನ್ನು ಇಲ್ಲಿ ವಸೂಲಿ ಮಾಡಿದ. 1799ರಲ್ಲಿ ಇಲ್ಲಿ ಸಿಕ್ಕ ರಾಕೆಟ್ಟುಗಳನ್ನು ನೋಡಿ ಇಂಗ್ಲೆಂಡಿನಲ್ಲಿ ಮಾಡಿದ ರಾಕೆಟ್ಟುಗಳು 1814ರಲ್ಲಿ ಅಮೆರಿಕದ ಮೇಲೇ ಹಾರಿದವು, ಅವರ ರಾಷ್ಟ್ರಗೀತೆಯಲ್ಲೂ ಸೇರಿಕೊಂಡವು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಬಿಡಿ.

2026ರ ಜುಲೈ 4ಕ್ಕೆ ಅಮೆರಿಕದ ಘೋಷಣೆಗೆ 250 ವರ್ಷ. ಅಲ್ಲಿ ಪಟಾಕಿ ಹೊಡೆಯುತ್ತಾರೆ, ಇಲ್ಲಿ ಆ ಮೆಸೇಜು ಮತ್ತೆ ಬರುತ್ತದೆ. ನಮ್ಮ ಕೋರಿಕೆ ಹೈಸ್ಕೂಲು ಮೇಷ್ಟ್ರುಗಳಿಗೆ, ಪಂಚಾಯಿತಿಯ ಅರಿವು ಕೇಂದ್ರ ನಡೆಸುವವರಿಗೆ. ಪಠ್ಯಪುಸ್ತಕ ಬದಲಾಗಲಿ ಅಂತ ಕಾಯಬೇಡಿ. ಒಂದು ಡ್ರಾಯಿಂಗ್ ಶೀಟು ಸಾಕು. ನಡುವೆ 1769ರಿಂದ 1799ರವರೆಗೆ ವರ್ಷಗಳನ್ನು ಬರೆಯಿರಿ, ಎಡಕ್ಕೆ ದುರ್ಗ ಮತ್ತು ಮೈಸೂರು, ಬಲಕ್ಕೆ ಅಮೆರಿಕ. ಎರಡೂ ಕಡೆ ಗೆರೆ ಎಳೆಯುವ ಕೆಲಸ ಮಕ್ಕಳಿಗೇ ಬಿಡಿ. 1779ರ ಮುಂದೆ ಮಾತ್ರ ಜಾಗ ಸ್ವಲ್ಪ ಜಾಸ್ತಿ ಇಡಿ, ಅಲ್ಲಿ ಬರೆಯುವುದು ಬಹಳ ಇದೆ. ಆಮೇಲೆ ಅವರನ್ನು ಕೋಟೆಗೆ ಕರೆದುಕೊಂಡು ಹೋಗಿ, ಆದಿವಾಲದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ.