ಕಾಣಿಕೆ ಅಲ್ಲೇ ಇರಲಿ, ಮೊದಲು ಅಕ್ಕನ ಮನೆಗೆ ಹೋಗಿ

ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ, ಬೆಟ್ಟದ ಮೇಲಿನ ಬೋಧನೆಯ ನಡುವೆ, ಯೇಸುಸ್ವಾಮಿ ಕಾಣಿಕೆಯ ವಿಷಯ ಎತ್ತುತ್ತಾರೆ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಿದ್ದೀಯ, ಆಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾಗುತ್ತದೆ. ಹಾಗಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಬೇಕು, ಅವನೊಡನೆ ರಾಜಿಯಾಗಬೇಕು, ಆಮೇಲೆ ಬಂದು ಅರ್ಪಿಸಬೇಕು. ಅವರು ಇದನ್ನು ಹೇಳಿದ್ದು ಗಲಿಲೇಯದಲ್ಲಿ. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ನಡೆದರೆ ಮೂರು ನಾಲ್ಕು ದಿನ. ತಂದ ಕುರಿಯನ್ನೋ ಪಾರಿವಾಳವನ್ನೋ ದೇವಾಲಯದಲ್ಲಿ ಬಿಟ್ಟು ಊರಿಗೆ ಹೋಗಿ, ಮುನಿದವನ ಬಾಗಿಲು ತಟ್ಟಿ, ಮತ್ತೆ ಅಷ್ಟೇ ದೂರ ನಡೆದು ಬರುವುದೆಂದರೆ ಒಂದು ವಾರದ ಕೆಲಸ. ಕೇಳುತ್ತಾ ಕೂತವರು ಮನಸ್ಸಿನಲ್ಲೇ ಆ ಲೆಕ್ಕ ಹಾಕಿರಬೇಕು. ಅಷ್ಟು ದಿನ ಕಾಯಲು ದೇವರು ಸಿದ್ಧ. ಆದರೆ ಸಹೋದರನನ್ನು ಕಾಯಿಸುವುದನ್ನು ಮಾತ್ರ ಅವರು ಒಪ್ಪುವುದಿಲ್ಲ.

ಈ ಮಾತಿನಲ್ಲಿ ನನ್ನನ್ನು ಬಿಡದೆ ಕಾಡುವುದು ಇನ್ನೊಂದು ಸಂಗತಿ. ನಿನಗೆ ಅವನ ಮೇಲೆ ಕೋಪವಿದ್ದರೆ ಕ್ಷಮಿಸು ಎಂದು ಯೇಸು ಇಲ್ಲಿ ಹೇಳುತ್ತಿಲ್ಲ. ಅದನ್ನು ಬೇರೆ ಕಡೆ ಹೇಳಿದ್ದಾರೆ. ಇಲ್ಲಿ ನೊಂದಿರುವವನು ಅವನು, ಹೋಗಬೇಕಾದವರು ನಾವು. ನಮ್ಮ ಮನಸ್ಸು ಹಗುರವಾಗಿದೆಯೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಕ್ರಿಸ್ತಬಂಧುಗಳೇ, ನಮ್ಮ ಧರ್ಮಕೇಂದ್ರಗಳಲ್ಲಿ ಹಾಗೆ ನೊಂದಿರುವವರು ಯಾರು? ಹಲವರಿದ್ದಾರೆ. ನಾನು ಇಂದು ಒಬ್ಬಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅವಳು ತಾನಾಗಿ ಎಂದೂ ಬಾಯಿ ಬಿಡುವುದಿಲ್ಲ. ಅವಳು ನಮ್ಮ ಅಕ್ಕ, ನಮ್ಮ ತಂಗಿ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕಥೋಲಿಕರಿಗೆ ಅದು ಮೊಂತಿ ಫೆಸ್ತ್, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಬಲಿಪೂಜೆಯಲ್ಲಿ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಗೆ ತಂದ ಹೊಸ ಅಕ್ಕಿಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸವಿಯಬೇಕು, ಆಮೇಲೆ ಬಾಳೆಯೆಲೆಯಲ್ಲಿ ತರಕಾರಿ ಊಟ. ಪರದೇಶದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ಮನೆಗಳಿವೆ. ಇಷ್ಟು ಸುಂದರವಾದ ಹಬ್ಬ ನಮ್ಮಲ್ಲಿ ಇನ್ನೊಂದಿಲ್ಲ. ಭಾರತದ ಧರ್ಮಸಭೆ ಅದೇ ದಿನವನ್ನು ಹೆಣ್ಣುಮಕ್ಕಳ ದಿನವೆಂದೂ ಆಚರಿಸುತ್ತದೆ. ಅಂದು ಪ್ರಬೋಧನೆಯಲ್ಲಿ ಹೆಣ್ಣುಮಗು ದೇವರ ವರದಾನ ಎಂದು ಕೇಳುತ್ತೇವೆ, ತಲೆದೂಗುತ್ತೇವೆ.

ಆ ವರದಾನದ ಪಾಲಿಗೆ ಬಂದ ಜಾಗ ಯಾರ ಹೆಸರಿನಲ್ಲಿದೆ?

ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಯಾವುದೇ ಕೆಲಸದ ದಿನ ಹೋಗಿ ಕೂತು ನೋಡಿ. ಅಪ್ಪ ತೀರಿಹೋಗಿ ತಿಂಗಳುಗಳಾಗಿವೆ. ಅಣ್ಣ ತಮ್ಮಂದಿರು ದಸ್ತಾವೇಜು ಬರಹಗಾರರ ಜೊತೆ ಪಿಸುಗುಡುತ್ತಿದ್ದಾರೆ. ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬಂದ ಅಕ್ಕ ನಿದ್ದೆಗಣ್ಣಿನಲ್ಲಿ ಕೂತಿದ್ದಾಳೆ. ಕೈಗೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ. ಅವಳು ಅದನ್ನು ಓದುವುದಿಲ್ಲ, ಯಾರೂ ಓದಿ ಹೇಳುವುದೂ ಇಲ್ಲ. ಸರ್ವೆ ನಂಬರು, ಸೆಂಟ್ಸು, ಗಡಿ, ಕೊನೆಗೆ ತಾನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂಬ ಸಾಲು. ಕ್ಯಾಮೆರಾದ ಮುಂದೆ ಮುಖ ಎತ್ತು ಎನ್ನುತ್ತಾರೆ, ಹೆಬ್ಬೆರಳು ಒತ್ತು ಎನ್ನುತ್ತಾರೆ. ಅಡುಗೆ ಕೆಲಸದಿಂದ ಸವೆದ ಬೆರಳಿನ ಗುರುತು ಯಂತ್ರಕ್ಕೆ ಒಮ್ಮೆಲೇ ಸಿಗುವುದಿಲ್ಲ. ಒರೆಸಿ ಮತ್ತೆ ಒತ್ತುತ್ತಾಳೆ. ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಎಲ್ಲರಿಗೂ ಊಟ, ಅತ್ತಿಗೆಯ ಕೈಯಿಂದ ಒಂದು ಸೀರೆ. "ಅಕ್ಕ ಒಂದು ಮಾತೂ ಆಡಲಿಲ್ಲ, ದೊಡ್ಡ ಮನಸ್ಸು" ಎಂದು ಊರೆಲ್ಲ ಹೊಗಳುತ್ತದೆ.

ಅವಳು ಮಾತಾಡದೆ ಇದ್ದದ್ದು ದೊಡ್ಡ ಮನಸ್ಸಿನಿಂದ ಮಾತ್ರವೇ? ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಿಂದಲ್ಲವೇ? ತೆನೆ ಹಬ್ಬದ ಎಲೆಯ ಮುಂದೆ ಕೂರುವ ಹಕ್ಕನ್ನು ಉಳಿಸಿಕೊಳ್ಳಲು ಅವಳು ಮಣ್ಣಿನ ಹಕ್ಕನ್ನು ಬಿಟ್ಟುಕೊಟ್ಟಳು. ಹಾಗೆ ಬಂದದ್ದನ್ನು ಉಡುಗೊರೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕಾನೂನಿನಲ್ಲಿ ಗೊಂದಲವಿಲ್ಲ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಅಮ್ಮನಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣೆಂಬ ಭೇದವಿಲ್ಲ. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಭಾಗ್ಯವಿರಲಿಲ್ಲ. ಅಲ್ಲಿನ 1916ರ ಕಾನೂನಿನಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಲ್ಲಿನ ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅದನ್ನು ಮುರಿದರು. ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಅಂಥ ಹೋರಾಟದ ಅಗತ್ಯವೇ ಇರಲಿಲ್ಲ, ಸಮಪಾಲು ಕಾನೂನಿನಲ್ಲೇ ಇತ್ತು. ಅದನ್ನು ಅವರಿಂದ ಬಿಡಿಸಿಕೊಂಡದ್ದು ನಾವು, ನಗುತ್ತಾ, ಊಟ ಹಾಕಿ.

ಆ ಮಣ್ಣು ನಮಗೆ ಎಲ್ಲಿಂದ ಬಂತು ಎಂಬುದನ್ನೂ ನೆನೆಯಬೇಕು. ಈ ಭಾಗದ ಎಷ್ಟೋ ಕ್ರೈಸ್ತ ಕುಟುಂಬಗಳು ಗೇಣಿ ಒಕ್ಕಲುಗಳಾಗಿದ್ದವು. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ನಮ್ಮ ಅಜ್ಜಂದಿರು ಗೇಣಿ ನೆಲದ ಹಕ್ಕು ಕೋರಿ ಡಿಕ್ಲರೇಶನ್ ಹಾಕಿದರು, ಟ್ರಿಬ್ಯೂನಲ್ ಮುಂದೆ ನಿಂತರು, ದುಡಿದವನಿಗೆ ನೆಲ ಸೇರಬೇಕೆಂದು ವಾದಿಸಿ ಗೆದ್ದರು. ಇಂದಿಗೂ ಅದನ್ನು ಡಿಕ್ಲರೇಶನ್ ಜಾಗ ಎಂದೇ ಕರೆಯುತ್ತೇವೆ. ಆ ಗದ್ದೆಯಲ್ಲಿ ನೇಜಿ ನೆಟ್ಟವರು ಯಾರು? ಕಳೆ ಕಿತ್ತವರು, ಸೂಡಿ ಹೊತ್ತವರು ಯಾರು? ಅಜ್ಜಿಯಂದಿರು, ಅತ್ತೆಯಂದಿರು, ಶಾಲೆ ಬಿಟ್ಟು ಬಂದ ಅಕ್ಕಂದಿರು. ನ್ಯಾಯದಿಂದ ಸಿಕ್ಕ ನೆಲವನ್ನು ನಾವು ಅನ್ಯಾಯವಾಗಿ ಇಟ್ಟುಕೊಂಡಿದ್ದೇವೆ.

"ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಎನ್ನುವವರಿದ್ದಾರೆ. ಅಣ್ಣನ ಮದುವೆಗೂ ಹಾಲ್ ಬುಕ್ ಆಗಿತ್ತು, ಅದನ್ನು ಯಾರೂ ಅವನ ಪಾಲಿನಿಂದ ಕಳೆಯಲಿಲ್ಲ. "ಅಪ್ಪ ಅಮ್ಮನನ್ನು ಕೊನೆವರೆಗೆ ನೋಡಿಕೊಂಡವನು ನಾನು" ಎಂಬ ಮಾತಿಗೆ ಮಾತ್ರ ತೂಕವಿದೆ. ಹಾಸಿಗೆ ಹಿಡಿದ ಅಪ್ಪನನ್ನು ತೊಳೆದು ಒರೆಸಿದ ಮಗನ, ಅದಕ್ಕಿಂತ ಹೆಚ್ಚಾಗಿ ಸೊಸೆಯ, ಶ್ರಮಕ್ಕೆ ಬೆಲೆ ಇರಲೇಬೇಕು. ಆದರೆ ಅದು ಎಲ್ಲರೂ ಕೂತು, ಪಹಣಿ ಮುಂದಿಟ್ಟು, ಅಕ್ಕನ ಬಾಯಿಂದಲೂ ಬರಬೇಕಾದ ಲೆಕ್ಕ. ಅವಳಿಲ್ಲದಾಗ ಬರಹಗಾರರ ಬಳಿ ಬರೆಸುವ ಲೆಕ್ಕವಲ್ಲ.

ಲೂಕನ ಹನ್ನೆರಡನೇ ಅಧ್ಯಾಯವನ್ನು ತಂದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರೂ ಇದ್ದಾರೆ. ಜನರ ಗುಂಪಿನಿಂದ ಒಬ್ಬನು, ಆಸ್ತಿಯಲ್ಲಿ ಪಾಲು ಕೊಡಲು ನನ್ನ ಅಣ್ಣನಿಗೆ ಹೇಳಿ ಎಂದಾಗ, ಯೇಸು ಅವರಿಬ್ಬರ ನಡುವೆ ನ್ಯಾಯಾಧೀಶನಾಗಲು ಒಪ್ಪಲಿಲ್ಲ, ನಿಜ. ಆದರೆ ಮುಂದಿನ ಸಾಲುಗಳನ್ನೂ ಓದಬೇಕು. ಅವರು ಕೂಡಲೇ ಲೋಭದ ಬಗ್ಗೆ ಎಚ್ಚರಿಸಿ, ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಿರಿವಂತನ ಸಾಮತಿ ಹೇಳಿದರು. ಅವನು ಆ ರಾತ್ರಿಯೇ ಸತ್ತ. ಆ ಎಚ್ಚರಿಕೆ ಕಣಜ ಇರುವವನಿಗೆ. ಬರಿಗೈಯಲ್ಲಿ ಬಸ್ಸು ಹತ್ತಿದವಳಿಗೆ ಅದನ್ನು ಓದಿ ಹೇಳುವುದು ಶುಭಸಂದೇಶಕ್ಕೆ ಮಾಡುವ ಅಪಚಾರ.

ಮಾರ್ಕನ ಏಳನೇ ಅಧ್ಯಾಯ ಇನ್ನೂ ಹತ್ತಿರ ಬಂದು ಚುಚ್ಚುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟರೆ ಕೊಡಬೇಕಾಗಿಲ್ಲ ಎಂಬ ದಾರಿಯನ್ನು ಅಂದಿನ ಧರ್ಮಬೋಧಕರು ತೆರೆದಿದ್ದರು. ಮನುಷ್ಯರು ಮಾಡಿದ ಸಂಪ್ರದಾಯಕ್ಕಾಗಿ ದೇವರ ಆಜ್ಞೆಯನ್ನೇ ರದ್ದು ಮಾಡಿದಿರಿ ಎಂದು ಯೇಸು ಅವರನ್ನು ಗದರಿದರು. ಹೊಸ ಚರ್ಚಿನ ಬಾಗಿಲಿಗೆ, ಬೆಂಚಿಗೆ, ಗಂಟೆಗೆ ದಾನಿಯ ಹೆಸರು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ. ಆ ಹಣದಲ್ಲಿ ತಂಗಿಯ ಪಾಲು ಸೇರಿದ್ದರೆ ಅದು ನಮ್ಮ ಕಾಲದ ಕೊರ್ಬಾನ್. ದೇವರು ಅದನ್ನು ಕೇಳಿರಲಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ಮೂರನೇ ಶತಮಾನದಲ್ಲಿ ಸಿರಿಯಾದಲ್ಲಿ ಹುಟ್ಟಿದ ದಿದಸ್ಕಾಲಿಯ ಎಂಬ ಧರ್ಮಸಭಾ ಗ್ರಂಥ ಬಿಷಪರಿಗೆ ಒಂದು ನಿಯಮ ಹಾಕಿತು: ವಿಶ್ವಾಸಿಗಳ ನಡುವಿನ ವ್ಯಾಜ್ಯಗಳನ್ನು ಸೋಮವಾರ ಕೇಳಿ. ಹಾಗಾದರೆ ಭಾನುವಾರದೊಳಗೆ ಅವರನ್ನು ರಾಜಿ ಮಾಡಿಸಲು ಇಡೀ ವಾರ ಸಿಗುತ್ತದೆ. ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಸೇವಾದರ್ಶಿ ಎದ್ದು ನಿಂತು, ಯಾರಿಗಾದರೂ ಯಾರ ಮೇಲಾದರೂ ಮುನಿಸಿದೆಯೇ ಎಂದು ಗಟ್ಟಿಯಾಗಿ ಕೇಳಬೇಕಿತ್ತು. ಆ ಪ್ರಶ್ನೆ ಇಂದು ಎಲ್ಲಿ ಹೋಯಿತು? ಶಾಂತಿ ಕೋರುವಾಗ ಅಕ್ಕಪಕ್ಕದವರಿಗೆ ಕೈಮುಗಿದು ತಲೆಬಾಗುತ್ತೇವೆ. ಎರಡು ಬೆಂಚು ಹಿಂದೆ ಕೂತ ತಮ್ಮನ ಕಡೆಗೆ ಕತ್ತು ತಿರುಗುವುದಿಲ್ಲ. ಬಲಿಪೂಜೆ ಮುಗಿದೊಡನೆ ಒಬ್ಬರು ಎಡಬಾಗಿಲಿನಿಂದ, ಇನ್ನೊಬ್ಬರು ಬಲಬಾಗಿಲಿನಿಂದ ಹೊರಡುತ್ತಾರೆ. ಫಾದರ್, ಇದು ನಿಮಗೂ ಗೊತ್ತು, ವಾಳೆಯ, ಅಂದರೆ ವಾರ್ಡಿನ, ಮುಖಂಡರಾದ ಗುರ್ಕಾರರಿಗೂ ಗೊತ್ತು. ತೆನೆ ಹಬ್ಬದ ಒಂಬತ್ತು ದಿನಗಳ ಪ್ರಬೋಧನೆಗಳಲ್ಲಿ ಒಂದು ದಿನವನ್ನಾದರೂ ಪಾಲಿನ ಮಾತಿಗೆ ಮೀಸಲಿಡಿ. ಕಟ್ಟಡದ ನಿಧಿಗೆ ದೊಡ್ಡ ಮೊತ್ತ ಹಿಡಿದು ಬಂದವರನ್ನು, ಮನೆಯಲ್ಲಿ ಎಲ್ಲರ ಪಾಲು ಮುಟ್ಟಿದೆಯೇ ಎಂದು ಕೇಳುವ ಧೈರ್ಯ ಮಾಡಿ. ನಿಧಿ ತಡವಾದರೂ ಆಗಲಿ.

ವಯಸ್ಸಾದ ತಂದೆತಾಯಿಯರೇ, ನೀವು ಬದುಕಿರುವಾಗಲೇ, ಕೈ ನಡುಗುವ ಮುನ್ನ, ವಿಲ್ ಬರೆಯಿರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಗಂಡುಮಕ್ಕಳ ಹೆಸರಿನ ಸಾಲಿನಲ್ಲೇ ಬರೆಯಿರಿ. ಎಲ್ಲರನ್ನೂ ಕೂರಿಸಿ ಓದಿ ಹೇಳಿ.

ಅಣ್ಣಂದಿರೇ, ತಮ್ಮಂದಿರೇ, ನಾವು ನಡೆಯಬೇಕಾದ ದಾರಿ ನೂರು ಕಿಲೋಮೀಟರಲ್ಲ. ಬಸ್ಸಿದೆ, ರೈಲಿದೆ, ಮೊಬೈಲಿನಲ್ಲಿ ಅವಳ ನಂಬರಿದೆ. ಜೆರಿಕೋದ ಸುಂಕದವ ಜಕ್ಕಾಯ ಯೇಸುವಿನ ಮುಂದೆ ಎದ್ದುನಿಂತು, ವಂಚಿಸಿದ್ದರೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದ. ನಮ್ಮಿಂದ ಯಾರೂ ನಾಲ್ಕು ಪಟ್ಟು ಕೇಳುತ್ತಿಲ್ಲ. ಸೆಪ್ಟೆಂಬರ್ 8ಕ್ಕೆ ಮೊದಲೇ ಹೋಗಿ. ಹಬ್ಬಕ್ಕೆ ಅವಳು ಬರಲಿ ಎಂದು ಕಾಯಬೇಡಿ, ಅವಳ ಮನೆಗೆ ನೀವೇ ಹೋಗಿ. ಪಹಣಿಯ ಪ್ರತಿ ಜೊತೆಗಿರಲಿ. ಪತ್ರ ನೋಂದಣಿಯಾಗಿ ಹದಿನೈದು ವರ್ಷ ಕಳೆದಿದ್ದರೂ ಹೋಗಿ, ನೋಂದಣಿಯಾದ ಮಾತ್ರಕ್ಕೆ ಋಣ ತೀರುವುದಿಲ್ಲ. ಜಾಗ ಮಾರಿಹೋಗಿದ್ದರೆ ಕೈಲಾದಷ್ಟು ಹಣ ಗೊತ್ತು ಮಾಡಿಕೊಂಡು ಹೋಗಿ. ಅವಳು ಮೊದಲು "ಬೇಡ ಬಿಡು ಮಾರಾಯ, ಅದೆಲ್ಲ ಈಗ ಯಾಕೆ" ಎನ್ನುತ್ತಾಳೆ. ಅಷ್ಟಕ್ಕೇ ಸಮಾಧಾನಪಟ್ಟು ಎದ್ದು ಬರಬೇಡಿ. ಅವಳ ಪಾಲು ಎಷ್ಟು ಸೆಂಟ್ಸು, ಇಂದಿನ ದರದಲ್ಲಿ ಅದು ಎಷ್ಟು ರೂಪಾಯಿ ಎಂದು ಬಿಡಿಸಿ ಹೇಳಿ, ಆಮೇಲೆ ಇನ್ನೊಮ್ಮೆ ಕೇಳಿ.